ಹೆಡ್ಮಾಸ್ಟರು ಕೇಳಿದ ಕಾಮೆಂಟರಿ

ಆಗ ಕ್ರಿಕೆಟ್ ಕಾಮೆಂಟರಿ ರೇಡಿಯೊದಲ್ಲೇ ಬರುತ್ತಿದ್ದ ಕಾಲ. ಕಿವಿ ಮಂದವಿದ್ದ ನಮ್ಮ ಕ್ಲಾಸಿನ ಶಾಂಭವಿ ಹೊಸ ಕಿವಿ ಮಷಿನ್ ಹಾಕಿಕೊಂಡು ಬಂದಳು. ಕತ್ತಿನಲ್ಲಿ ಡಬ್ಬಿ, ಕಿವಿಗೆ ವೈರು.

“ಕ್ಲಾಸಲ್ಲಿ ಕಾಮೆಂಟರಿ ಕೇಳ್ತೀಯಾ?” ಹೆಡ್ಮಾಸ್ಟರು ಕಿತ್ತುಕೊಂಡೇ ಬಿಟ್ಟರು. ಹುಡುಗಿ ಅತ್ತಳು.

ಹೆಡ್ಮಾಸ್ಟರಿಗೂ ಕಿವಿ ಮಂದವೇ. ಆ ಮಾತನ್ನು ಅವರೆದುರು ಯಾರೂ ಆಡುತ್ತಿರಲಿಲ್ಲ. ಗಂಟೆ ಹೊಡೆಯುವ ಹೊನ್ನೂರಮ್ಮ ಬಾಗಿಲಲ್ಲಿ ನಿಂತು, “ಸ್ಕೋರ್ ಎಷ್ಟಾಗೈತೆ, ನೀವೇ ಕೇಳಿ ಹೇಳ್ರಿ ಸಾರ್,” ಎಂದಳು.

ಅವರು ಕಿವಿಗಿಟ್ಟುಕೊಂಡರು. ಹಿಂದಿನ ಬೆಂಚಿನಲ್ಲಿ ಎಂದಿನಂತೆ ಪಿಸುಮಾತು: “ಗುಮ್ಮ ರೇಡಿಯೊ ಕೇಳ್ತೈತಲ್ಲೋ!”

ಹತ್ತು ವರ್ಷದಿಂದ ಶಾಲೆಯೆಲ್ಲ ಕರೆಯುತ್ತಿದ್ದ ಆ ಹೆಸರನ್ನು ಅವರು ಕೇಳಿದ್ದು ಅಂದೇ ಮೊದಲು. ಮುಖ ಕೆಂಪಾಯಿತು.

“ಸ್ಕೋರ್, ಸಾರ್?”

“ನಾನು ಔಟಾದೆ ಕಣಮ್ಮ.”

ಮಷಿನ್ನನ್ನು ತಾವೇ ಶಾಂಭವಿಯ ಕತ್ತಿಗೆ ಹಾಕಿದರು. ಮುಂದಿನ ವಾರ ಅವರ ಜೇಬಿನಿಂದಲೂ ಒಂದು ವೈರು ಕಿವಿಗೆ ಏರಿತ್ತು. ಪಿಸುಗುಟ್ಟುವ ನಮ್ಮ ಸುಖ ಅಲ್ಲಿಗೆ ಮುಗಿಯಿತು.