ಗಟಾರದಲ್ಲೊಂದು ಅಗುಳು

ನದಿದಡದ ಒಂದು ಆಶ್ರಮದಲ್ಲಿ ಶಂಭುಲಿಂಗನೆಂಬ ಶಿಷ್ಯನಿದ್ದ. ತಲೆ ಬಲು ಚುರುಕು. ಅದು ಅವನಿಗೂ ಗೊತ್ತಿತ್ತು, ತೊಂದರೆ ಇದ್ದದ್ದು ಅಲ್ಲೇ.

ಒಂದು ಬೆಳಿಗ್ಗೆ ಅವನು ಗುರುಗಳ ಮುಂದೆ ಬಂದು ನಿಂತ. ಗುರುಗಳನ್ನು ಆಶ್ರಮದವರೆಲ್ಲ ಅಜ್ಜಾರು ಎನ್ನುತ್ತಿದ್ದರು.

“ಅಜ್ಜಾರ, ಮೂರು ತಿಂಗಳಾತು, ಇನ್ನೂ ಮೊದಲನೇ ಪಾಠದಾಗ ಕುಂತೀವಿ. ‘ಉಸಿರು ನಿನ್ನದಲ್ಲ’ ಅನ್ನೂದು ನನಗ ಮೊದಲನೇ ದಿನಾನ ತಿಳೀತು. ಆ ಅಡಿವೆಪ್ಪ ದಿನಾ ಅದೊಂದ ಪ್ರಶ್ನಿ ಕೇಳ್ತಾನ, ನೀವು ಅಲ್ಲೇ ನಿಲ್ತೀರಿ.”

“ಹೌದು, ನಿಲ್ತೀನಿ.”

“ನನಗ ಬ್ಯಾರೆ ಪಾಠ ಹೇಳ್ರಿ. ಇಲ್ಲಾಂದ್ರ ನಾ ಬ್ಯಾರೆ ಗುರುವನ್ನ ಹುಡುಕ್ಕೋತೀನಿ.”

ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಆಡಬಾರದಿತ್ತು ಎನಿಸಿತು. ಅಜ್ಜಾರಂಥವರು ಸಿಗಲೆಂದು ಎಷ್ಟೋ ಊರು ಅಲೆದು ಬಂದವನು ಅವನು.

ಅಜ್ಜಾರು ಸಿಟ್ಟಾಗಲಿಲ್ಲ. ಅವನನ್ನು ಅಡುಗೆಮನೆಯ ಹಿಂದಕ್ಕೆ ಕರೆದೊಯ್ದರು. ಪಾತ್ರೆ ತೊಳೆದ ನೀರನ್ನು ಬಾಳೆಗಿಡಗಳಿಗೆ ಒಯ್ಯುವ ಕಲ್ಲಿನ ಗಟಾರ ಅಲ್ಲಿತ್ತು. ಒಯ್ಯುವುದು ಹೆಸರಿಗೆ ಮಾತ್ರ. ನೀರು ನಿಂತಲ್ಲೇ ನಿಂತು ನಾರುತ್ತಿತ್ತು.

“ಇದನ್ನ ಸರಿ ಮಾಡು. ಎಂಟು ದಿನ ಯಾರೂ ಕೈ ಹಾಕದಂಗ ಹರೀಬೇಕು. ಆಮ್ಯಾಲೆ ನಿನಗೊಬ್ಬನಿಗೇ ಬ್ಯಾರೆ ಪಾಠ.”

ಇಷ್ಟೇನಾ ಎಂದು ಶಂಭುಲಿಂಗನಿಗೆ ನಗು ಬಂತು.

ಅವನು ಕಲ್ಲುಗಳನ್ನೆಲ್ಲ ಕಿತ್ತ. ತಲೆಯ ಕಡೆ ಮಣ್ಣು ತುಂಬಿ ಎತ್ತರಿಸಿದ, ಬಾಳೆಯ ಕಡೆ ಅಗೆದು ತಗ್ಗು ಮಾಡಿದ. ಕಲ್ಲು ಮತ್ತೆ ಕೂರಿಸಿ ಒಂದು ಕೊಡ ನೀರು ಸುರಿದ. ಕಣ್ಣುಮುಚ್ಚಿ ತೆರೆಯುವುದರೊಳಗೆ ನೀರು ಬಾಳೆಯ ಬುಡದಲ್ಲಿತ್ತು.

ನಾಲ್ಕನೆಯ ದಿನ ಮತ್ತೆ ನಾತ. ನೀರೇನೋ ಒಂದು ಹನಿಯೂ ನಿಂತಿರಲಿಲ್ಲ. ಅನ್ನ, ಸೊಪ್ಪಿನ ಚೂರು ಕಲ್ಲಿಗೆ ಅಂಟಿಕೊಂಡು ನೊಣ ಮುತ್ತಿದ್ದವು.

ಶಂಭುಲಿಂಗ ಇಳಿಜಾರು ಇನ್ನಷ್ಟು ಹೆಚ್ಚಿಸಿದ. ನೀರು ಇನ್ನೂ ಜೋರಾಗಿ ಓಡಿತು. ಅನ್ನ ಇದ್ದಲ್ಲೇ ಉಳಿಯಿತು.

“ಅಜ್ಜಾರ, ಎಷ್ಟು ಇಳಿಜಾರು ಕೊಡಬೇಕ್ರಿ?”

ಅಜ್ಜಾರು ಎಂಜಲು ತಟ್ಟೆಯಿಂದ ಒಂದು ಅಗುಳನ್ನು ಎತ್ತಿ ಗಟಾರದ ತಲೆಯಲ್ಲಿಟ್ಟರು. ಒಂದು ತಂಬಿಗೆ ನೀರು ಬಿಟ್ಟರು.

“ಇದರ ಸಂಗಾಟ ನಡಕೋತ ಹೋಗು.”

ಶಂಭುಲಿಂಗ ದಾಪುಗಾಲು ಹಾಕಿ ಬಾಳೆಗಿಡ ಮುಟ್ಟಿ ತಿರುಗಿ ನೋಡಿದ. ಅಜ್ಜಾರು ಗಟಾರದ ತಲೆಯಲ್ಲೇ ಬಗ್ಗಿ ನಿಂತಿದ್ದರು. ಅಗುಳು ಅವರ ಕಾಲ ಬುಡದಲ್ಲಿತ್ತು.

“ಯಾರ ಸಂಗಾಟ ಹೋಗಿದ್ದಿ?”

“ನೀರಿನ ಸಂಗಾಟ, ಅಜ್ಜಾರ.”

ಅಜ್ಜಾರು ಒಳಗೆ ಹೋದರು.

ಶಂಭುಲಿಂಗನಿಗೆ ಅವಮಾನವಾಯಿತು. ಆದರೆ ಕುತೂಹಲ ಅದಕ್ಕಿಂತ ದೊಡ್ಡದಿತ್ತು. ಅಷ್ಟು ನೀರಿಗೆ ಒಂದು ಅಗುಳನ್ನು ಒಯ್ಯಲು ಆಗದೇ?

ಅಲ್ಲಿ ಪಾತ್ರೆ ತಿಕ್ಕುತ್ತಿದ್ದವನು ಪಾಠದಲ್ಲಿ ಜೊತೆಗಿದ್ದ ಆ ಅಡಿವೆಪ್ಪನೇ. ಕೇಳದಿದ್ದರೂ ತಂಬಿಗೆ ಹಿಡಿದು ಬಂದ.

ಶಂಭುಲಿಂಗ ಒಂದು ಮಾರುದ್ದದ ಹಲಗೆ ತಂದ. ಅದರ ಒಂದು ತುದಿಯನ್ನು ಗಟಾರದ ಕಲ್ಲಿನ ಮೇಲಿರಿಸಿ, ಮೇಲೆ ನೀರು ತುಂಬಿದ ಬಟ್ಟಲಿಟ್ಟು, ನೀರು ವಾಲದಂತೆ ಹಲಗೆಯನ್ನು ಮಟ್ಟ ಮಾಡಿದ. ಕೆಳತುದಿಯಲ್ಲಿ ಹಲಗೆಗೂ ಕಲ್ಲಿಗೂ ನಡುವೆ ಬೆರಳು ತೂರಿಸಿ ಅಳೆದ. ಆರು ಬೆರಳಿನ ಸಂದು. ಇಳಿಜಾರು ತಗ್ಗಿಸಿ ಅದನ್ನು ನಾಲ್ಕಕ್ಕೆ ಇಳಿಸಿದ. ಅಗುಳು ಸ್ವಲ್ಪ ದೂರ ಹೋಗಿ ನಿಂತಿತು. ಒಂದಕ್ಕೆ ಇಳಿಸಿದ. ನೀರೂ ಅಗುಳೂ ಎರಡೂ ಮಲಗಿದವು.

ಎರಡು ಬೆರಳಿಗೆ ತಂದಾಗ ಅಗುಳು ಅಲುಗಿತು. ನೀರು ಅದನ್ನು ಹೊತ್ತು ನಿಧಾನಕ್ಕೆ ಹೊರಟಿತು. ಅಡಿವೆಪ್ಪ ಮೆರವಣಿಗೆಗೆ ಹೊರಟವನಂತೆ ಅದರ ಪಕ್ಕದಲ್ಲೇ ನಡೆದ. ಶಂಭುಲಿಂಗನೂ ನಡೆದ.

ನಡೆಯುತ್ತಲೇ ಅಡಿವೆಪ್ಪ ಕೇಳಿದ:

“ಅಣ್ಣಾ, ಉಸಿರು ನಂದಲ್ಲ ಅಂದ್ರ, ಹಿಡಕೊಂಡಾಗ ಎದಿ ಯಾಕ ನೋಯ್ತೈತಿ?”

ಅದೇ ಪ್ರಶ್ನೆ. ಮೂರು ತಿಂಗಳಿಂದ ಕೇಳಿ ಕೇಳಿ ತಲೆಚಿಟ್ಟು ಹಿಡಿಸಿದ ಪ್ರಶ್ನೆ.

“ಅದು ಮೋಹ,” ಎಂದ ಶಂಭುಲಿಂಗ ಥಟ್ಟನೆ.

“ಹಂಗಂದ್ರ?”

ಶಂಭುಲಿಂಗ ನಿಂತು ತಾನೇ ಉಸಿರು ಹಿಡಿದು ನೋಡಿದ. ಮೂವತ್ತು ಎಣಿಸುವಷ್ಟರಲ್ಲಿ ಎದೆ ಒಡೆಯುವಂತಾಯಿತು. ಬಿಟ್ಟು ಏದುಸಿರು ಬಿಡುತ್ತ ಅಡಿವೆಪ್ಪನ ಮುಖ ನೋಡಿದ.

ಅಗುಳು ಅವರಿಬ್ಬರನ್ನೂ ದಾಟಿ ಬಾಳೆಯ ಬುಡ ಸೇರಿತು.

ಎಂಟು ದಿನ ಗಟಾರ ತಾನಾಗಿ ಹರಿಯಿತು. ಒಂಬತ್ತನೆಯ ಬೆಳಿಗ್ಗೆ ಅಜ್ಜಾರು ತಮ್ಮ ಕೋಣೆಯಲ್ಲಿ ಒಬ್ಬನಿಗೆ ಸಾಕಾಗುವ ಚಾಪೆ ಹಾಸಿ ಕಾದಿದ್ದರು.

“ಬಾ ತಮ್ಮಾ. ಮಾತು ಕೊಟ್ಟಂಗ ಬ್ಯಾರೆ ಪಾಠ. ಎಲ್ಲಿಂದ ಶುರು ಮಾಡೂನು?”

ಶಂಭುಲಿಂಗ ಕೂರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದ್ದ.

“ಉಸಿರು ಹಿಡಿದ್ರ ಎದಿ ಯಾಕ ನೋಯ್ತೈತಿ ಅನ್ನೂದು ನನಗೂ ತಿಳೀವಲ್ದು, ಅಜ್ಜಾರ. ನಾ ಅಡಿವೆಪ್ಪನ ಬಾಜೂಕ ಕೂಡ್ತೀನಿ. ಅಂವಗ ತಿಳಿಯೂತನಕ ಎಲ್ಲಾರೂ ಅಲ್ಲೇ ನಿಲ್ಲೂನು.”

ಅಜ್ಜಾರು ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಎದ್ದರು.

“ಅಂವನ ಸಲುವಾಗಿ ನಿಂತೀವಿ ಅಂತ ನಿನಗ ಯಾರು ಹೇಳಿದ್ರು? ನನಗೂ ಇನ್ನಾ ತಿಳಿದಿಲ್ಲ. ನಡಿ, ಹೋಗಿ ಕೂತು ಕೇಳೂನು.”