ಹಗ್ಗದ ಆ ತುದಿ

"ಬುದ್ಧಿ, ಸಾವಿನ ಬಾಯಿಗೆ ಹೋಗಿ ಬಂದವನಿಗೆ ಮಾತ್ರ ಬದುಕು ತಿಳಿಯುವುದಾದರೆ, ದಿನಾ ಗಂಜಿ ಕಾಯಿಸುವವನಿಗೆ ಏನು ತಿಳಿದೀತು?"

ಕೇಳಿದವನು ಮಠದ ಅಡುಗೆ ನೋಡಿಕೊಳ್ಳುವ ಶಾಂತಮಲ್ಲ. ಪ್ರಶ್ನೆಯೇನೋ ತತ್ತ್ವದ್ದು. ಆದರೆ ಕೇಳುವಾಗ ಅವನ ಕಣ್ಣು ಗುರುಗಳ ಮೇಲಿರಲಿಲ್ಲ, ಪಡಸಾಲೆಯ ಮೇಲಿತ್ತು. ಅಲ್ಲಿ ರಾಚಪ್ಪ ಕೂತಿದ್ದ. ಅವನ ಸುತ್ತ ಇಪ್ಪತ್ತು ಮಂದಿ ಕೂತಿದ್ದರು.

ರಾಚಪ್ಪ ಹರಿಗೋಲು ನಡೆಸುವವನು. ಹೋದ ಮಳೆಗಾಲದಲ್ಲಿ ಹೊಳೆಯ ನಡುವೆ ಹರಿಗೋಲು ಮಗುಚಿ, ಮುಳುಗಿದ ಮರವೊಂದರ ಕವಲಿನಲ್ಲಿ ಮೂರು ದಿನ ನೇತಾಡಿ ಉಳಿದವನು. ಮಠಕ್ಕೆ ಹೊತ್ತು ತಂದಾಗ ನಾಲಿಗೆ ಹೊರಳುತ್ತಿರಲಿಲ್ಲ. ಹನ್ನೊಂದು ದಿನ ಚಮಚದಲ್ಲಿ ಗಂಜಿ ಕುಡಿಸಿದವನು ಇದೇ ಶಾಂತಮಲ್ಲ. ಹೊರಳಿದ ನಾಲಿಗೆ ಆಮೇಲೆ ನಿಲ್ಲಲಿಲ್ಲ, ಆ ಮಾತು ಬೇರೆ. ದಿನಾ ಮಧ್ಯಾಹ್ನ ದಾಸೋಹ ಮುಗಿದ ಕೂಡಲೇ ಭಕ್ತರು ಅವನನ್ನು ಸುತ್ತುವರಿಯುತ್ತಿದ್ದರು. ಅವನು ಗಂಟಲು ಸರಿಮಾಡಿಕೊಂಡು ಹೊಳೆ ಏರಿದ್ದರಿಂದ ಶುರುಮಾಡುತ್ತಿದ್ದ. ಅವನು ಗಂಟಲು ಸರಿಮಾಡಿಕೊಂಡ ಕೂಡಲೇ ಶಾಂತಮಲ್ಲ ಪಾತ್ರೆ ತೊಳೆಯಬೇಕೆಂದು ಎದ್ದು ಹೋಗುತ್ತಿದ್ದ. ತೊಳೆದ ಪಾತ್ರೆಯನ್ನೇ ಮತ್ತೊಮ್ಮೆ ತೊಳೆದದ್ದೂ ಉಂಟು.

"ಹನ್ನೆರಡು ವರ್ಷದಿಂದ ಇಲ್ಲಿದ್ದೇನೆ ಬುದ್ಧಿ. ನನ್ನ ಸುತ್ತ ಒಂದು ಬೆಕ್ಕೂ ಕೂತಿಲ್ಲ."

"ಹಾಲು ಕಾಯಿಸುವಾಗ ಕೂರುತ್ತದಲ್ಲಪ್ಪ" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಇಬ್ಬರು ಬಾವಿ ತೋಡುವವರಿದ್ದರು. ಒಬ್ಬ ಕೆಳಗಿಳಿದು ಅಗೆಯುವವನು, ಇನ್ನೊಬ್ಬ ಮೇಲೆ ನಿಂತು ಹಗ್ಗ ಹಿಡಿಯುವವನು. ಕೆಳಗಿನವನು ಮೇಲಿನವನ ಅಕ್ಕನ ಗಂಡ. ಇಬ್ಬರದೂ ಒಂದೇ ಮನೆ, ಒಂದೇ ಒಲೆ.

ಅವರ ಕಸುಬಿನಲ್ಲಿ ಒಂದು ಕಟ್ಟಳೆ ಇತ್ತು. ಕೆಳಗೆ ಆಳು ಇರುವಷ್ಟು ಹೊತ್ತು ಮೇಲಿನವನು ಹಗ್ಗ ಬಿಡುವಂತಿಲ್ಲ. ಎಲೆ ಅಡಿಕೆ ಹಾಕಿಕೊಳ್ಳುವಾಗಲೂ ಅದು ಮುಂಗೈಗೆ ಸುತ್ತಿಕೊಂಡಿರಬೇಕು. ಆಗಾಗ ಒಂದು ಸಲ ಜಗ್ಗಬೇಕು. 'ಇದ್ದೀಯಾ?' ಎಂದು ಅದರ ಅರ್ಥ. ಕೆಳಗಿನವನು ತಿರುಗಿ ಒಂದು ಸಲ ಜಗ್ಗಬೇಕು. 'ಇದ್ದೀನಿ' ಎಂದು ಅರ್ಥ. ಇಪ್ಪತ್ತು ವರ್ಷ ಹೀಗೆ ಜಗ್ಗಿದ್ದರು. ದಿನಾ ಮಾಡುವ ಕೆಲಸ ಕೈಗೆ ಗೊತ್ತಿರುತ್ತದೆ, ಮನಸ್ಸಿಗೆ ಮರೆತಿರುತ್ತದೆ.

ಒಂದು ದಿನ ಎಂಟಾಳು ಆಳದಲ್ಲಿ ಬಾವಿಯ ಬದಿ ಕುಸಿಯಿತು. ಒಂದು ಚಪ್ಪಡಿ ಅಡ್ಡಲಾಗಿ ಸಿಕ್ಕಿಕೊಂಡು, ಕೆಳಗಿನವನಿಗೆ ಕೂರುವಷ್ಟು ಜಾಗ ಉಳಿಯಿತು. ಚಪ್ಪಡಿಯ ಸಂದಿನಲ್ಲಿ ಹಗ್ಗವೂ ಉಳಿಯಿತು. ಊರವರು ಮೇಲಿನಿಂದ ಮಣ್ಣು ತೆಗೆಯತೊಡಗಿದರು. ಹಗ್ಗಕ್ಕೆ ನೀರು ಸುರಿದರು. ಕೆಳಗಿನವನು ಹಗ್ಗ ಹೀರಿ ಬಾಯಿ ಒದ್ದೆ ಮಾಡಿಕೊಂಡ. ಮೇಲಿನವನು ನಾಲ್ಕು ದಿನ ಕೂತ ಜಾಗದಿಂದ ಏಳದೆ ಹಗ್ಗ ಹಿಡಿದಿದ್ದ. ಐದನೆಯ ದಿನ ಕೆಳಗಿನವನನ್ನು ಎತ್ತಿದರು.

ಅವನಿಗೆ ಹಾರ ಹಾಕಿದರು. ಊರೂರಿಂದ ಜನ ನೋಡಲು ಬಂದರು. ಮದುವೆ ಮನೆಯವರು ಹುಡುಗ ಹುಡುಗಿಯ ತಲೆ ಮೇಲೆ ಅವನ ಕೈ ಇಡಿಸಿದರು. ಮೇಲಿನವನ ಅಂಗೈ ಸುಲಿದು ಹೋಗಿತ್ತು. ಅದನ್ನು ಯಾರೂ ಕೇಳಲಿಲ್ಲ. ಅವನು ಬೇಕೆಂದೇ ನಾಲ್ಕು ಜನರೆದುರು ಬೆಣ್ಣೆ ಹಚ್ಚಿಕೊಂಡ. ಆಗಲೂ ಕೇಳಲಿಲ್ಲ.

ಹಾರದ ಹೊಟ್ಟೆಕಿಚ್ಚು ಹಾರ ಒಣಗುವ ತನಕ ಇರುತ್ತದೆ. ಇವನದು ಅದಕ್ಕಿಂತ ಆಳದ್ದು. ಭಾವನ ಮುಖವೇ ಬದಲಾಗಿತ್ತು. ಮೊದಲು ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ನೂಕುತ್ತಿದ್ದವನು ಈಗ ತಣ್ಣನೆಯ ಮುದ್ದೆಯನ್ನೂ ಪ್ರಸಾದದಂತೆ ಉಣ್ಣುತ್ತಿದ್ದ. ಹೆಂಡತಿ ಒಳಗಿಂದ ಕೂಗಿದರೆ 'ಬಂದೆ' ಎನ್ನುತ್ತಿರಲಿಲ್ಲ. 'ಇದ್ದೀನಿ' ಎನ್ನುತ್ತಿದ್ದ. ಜನ ನಕ್ಕರು. ಮೇಲಿನವನು ನಗಲಿಲ್ಲ. ಆ ಕತ್ತಲಲ್ಲಿ ಭಾವನಿಗೆ ಏನೋ ಸಿಕ್ಕಿದೆ, ಮುಚ್ಚಿಟ್ಟುಕೊಂಡಿದ್ದಾನೆ ಎಂದುಕೊಂಡ. ಒಮ್ಮೆ ತಡೆಯದೆ ಕೇಳಿಯೂ ಬಿಟ್ಟ. ಏನೂ ಕಾಣಲಿಲ್ಲ, ಬರೀ ಕತ್ತಲು ಎಂದು ಭಾವ ಹೇಳಿದ. ಸಿಕ್ಕಿದವರು ಎಲ್ಲರೂ ಹಾಗೇ ಹೇಳುವುದು ಎಂದು ಇವನ ಲೆಕ್ಕ. ಜಗಲಿಯಲ್ಲಿ ಭಾವ ಬಾವಿಯ ಮಾತು ತೆಗೆದರೆ ಇವನು ದನಕ್ಕೆ ಹುಲ್ಲು ಹಾಕಲು ಎದ್ದು ಹೋಗುತ್ತಿದ್ದ. ಆ ಎರಡು ವರ್ಷ ದನಗಳು ಚೆನ್ನಾಗಿ ಮೈತುಂಬಿಕೊಂಡವು.

ಕೊನೆಗೆ ತಾನೂ ಇಳಿದು ನೋಡಬೇಕೆಂದು ನಿಶ್ಚಯಿಸಿದ. ಪಕ್ಕದೂರಿನಲ್ಲಿ ನಾಲ್ಕು ದಿನದ ಕೆಲಸವಿದೆ ಎಂದು ಅಕ್ಕನಿಗೆ ಹೇಳಿದ. ಗೂಟದಲ್ಲಿದ್ದ ಹಗ್ಗ, ಒಂದು ಬಿಂದಿಗೆ ನೀರು ತೆಗೆದುಕೊಂಡ. ಊರಾಚೆಯ ಹಾಳುಬಾವಿಯೊಂದಕ್ಕೆ ಹೋಗಿ, ಹಗ್ಗವನ್ನು ಮರಕ್ಕೆ ಬಿಗಿದು ಇಳಿದ.

ಮೊದಲನೆಯ ದಿನ ಕಾದ. ಏನೂ ಕಾಣಲಿಲ್ಲ. ಎರಡನೆಯ ದಿನ ಕಾದ. ಸೊಳ್ಳೆ ಕಂಡವು. ಭಾವನಿಗೆ ಸಿಕ್ಕಿದ್ದು ತನಗೆ ಸಿಗದೆಂದು ಅಳು ಬಂತು. ಸಾಕು, ಮೇಲೆ ಹೋಗೋಣ ಎಂದುಕೊಂಡು, ಕಸುಬಿನ ರೂಢಿಯಲ್ಲಿ ಹಗ್ಗವನ್ನು ಒಂದು ಸಲ ಜಗ್ಗಿದ.

ಮೇಲಿನಿಂದ ಯಾರೂ ಜಗ್ಗಲಿಲ್ಲ.

ಇಳಿಯಲು ಹಗ್ಗ ಸಾಕು, ಏರಲು ಮೇಲೊಬ್ಬ ಬೇಕು. ಇಪ್ಪತ್ತು ವರ್ಷ ಆ ಒಬ್ಬನಾಗಿದ್ದವನಿಗೇ ಅದು ಹೊಳೆದಿರಲಿಲ್ಲ. ಹತ್ತಲು ನೋಡಿದ, ಕೈ ಜಾರಿತು. ಕೂಗಿದ, ದನಿ ಬಾವಿಯಲ್ಲೇ ಸುತ್ತಿ ಅವನ ಕಿವಿಗೇ ಬಂತು. ಬಿಂದಿಗೆ ಬರಿದಾಯಿತು. ಆಮೇಲೆ ಅವನು ಸುಮ್ಮನೆ ಹಗ್ಗ ಜಗ್ಗುತ್ತ ಕೂತ. ಒಂದು ಸಲ. ಮತ್ತೆ ಒಂದು ಸಲ. ಸತ್ತರೂ ಯಾರಿಗೂ ತಿಳಿಯುವುದಿಲ್ಲ ಎಂಬುದು ಆಗ ಮೈಗೆ ತಿಳಿಯಿತು.

ಮೂರನೆಯ ದಿನ ಮಧ್ಯಾಹ್ನ ಹಗ್ಗ ತಾನಾಗಿ ಒಂದು ಸಲ ಜಗ್ಗಿತು.

ಅವನು ಎರಡೂ ಕೈಯಲ್ಲಿ ಹಗ್ಗ ಹಿಡಿದು ತಿರುಗಿ ಜಗ್ಗಿದ. ಸೊಂಟಕ್ಕೆ ಬಿಗಿದುಕೊಂಡ. ಮೇಲೆ ಬಂದು ನೋಡಿದರೆ ಭಾವ, ಮುಂಗೈಗೆ ಹಗ್ಗ ಸುತ್ತಿಕೊಂಡು ಏದುಸಿರು ಬಿಡುತ್ತ ನಿಂತಿದ್ದಾನೆ.

"ನಿನಗೆ ಹೇಗೆ ಗೊತ್ತಾಯಿತು ಭಾವ?"

"ಇವತ್ತು ನೋಡಿದರೆ ಗೂಟದಲ್ಲಿ ಹಗ್ಗ ಇಲ್ಲ. ಕೆಳಗಿಳಿಯುವವನು ನಾನು ಮನೆಯಲ್ಲಿದ್ದೇನೆ, ಹಗ್ಗ ಹಿಡಿಯುವವನು ಕೆಲಸಕ್ಕೆ ಹೋಗಿದ್ದಾನೆ. ಹಾಗಾದರೆ ಇಳಿಯುವವನು ಯಾರು ಅಂತ ಯೋಚನೆ ಬಂತು. ಸುತ್ತಲ ಹಾಳುಬಾವಿಗಳನ್ನೆಲ್ಲ ಇಣುಕಿ ಬಂದೆ. ಇದು ಏಳನೆಯದು. ಏನು ಹುಡುಕೋಕೆ ಇಳಿದಿದ್ದೆಯೋ?"

"ನಿನಗೆ ಸಿಕ್ಕಿದ್ದನ್ನು."

"ಸಿಕ್ಕಿತಾ?"

"ಇಲ್ಲ. ಬರೀ ಕತ್ತಲು."

"ನಾನು ಹೇಳಿರಲಿಲ್ವಾ?"

ಮೇಲಿನವನಿಗೆ ಸೋತ ಸಿಟ್ಟು ಬಂತು. "ಹಾಗಾದರೆ ಎರಡು ವರ್ಷದಿಂದ ಜಗಲಿಯಲ್ಲಿ ಕೂತು ಜನರಿಗೆ ಏನು ಹೇಳುತ್ತಿದ್ದೀಯ?"

ಭಾವ ಹಗ್ಗ ಸುತ್ತುತ್ತ ಹೇಳಿದ:

"ಆ ನಾಲ್ಕು ದಿನ ನೀನು ಯಾವಾಗ ಯಾವಾಗ ಜಗ್ಗಿದೆ ಅಂತ ಹೇಳುತ್ತೇನೆ. ಬೇರೆ ಏನಿದೆ ಹೇಳೋಕೆ? ನೀನು ಜಗ್ಗಿದಾಗೆಲ್ಲ ನಾನಿದ್ದೆ, ಜಗ್ಗದಾಗ ಇರಲಿಲ್ಲ. ಮೇಲೆ ಬಂದ ಮೇಲೆ ನಿನ್ನಕ್ಕ ಊಟಕ್ಕೆ ಕೂಗಿದಳು, ಹಗ್ಗ ಜಗ್ಗಿದ ಹಾಗಾಯಿತು. ಹಸು ಕೂಗಿದರೂ ಹಾಗೇ ಆಗುತ್ತದೆ. ಇವರೆಲ್ಲ ಮೊದಲೂ ಕೂಗುತ್ತಿದ್ದರು ಕಣೋ. ಕೇಳಿಸಿಕೊಳ್ಳೋಕೆ ನನಗೆ ಮೈಮೇಲೆ ಮಣ್ಣು ಬೀಳಬೇಕಾಯಿತು. ನೀನು ಒಂದು ದಿನ ಜಗಲಿಯಲ್ಲಿ ಕೂತಿದ್ದರೆ ಸಾಕಿತ್ತು."

ಇಬ್ಬರೂ ಮನೆಗೆ ನಡೆದರು. ಅಕ್ಕ ಬಾಗಿಲಲ್ಲಿ ನಿಂತು ತಮ್ಮನ ಹೆಸರು ಹಿಡಿದು ಕೂಗಿದಳು. ಏನೆನ್ನಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಪಡಸಾಲೆಯಲ್ಲಿ ರಾಚಪ್ಪನ ಸುತ್ತ ಕೂತವರು ಯಾವುದಕ್ಕೋ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಶಾಂತಮಲ್ಲ ಅತ್ತ ನೋಡಿ ಮುಖ ತಿರುಗಿಸಿದ.

"ಬುದ್ಧಿ, ಹಗ್ಗ ಹಿಡಿದವನಿಗಾದರೂ ಒಬ್ಬ ಭಾವ ಇದ್ದ. ನಾನು ಯಾರ ಹಗ್ಗ ಹಿಡಿದಿದ್ದೇನೆ? ಒಲೆ ಮುಂದೆ ಸೌಟು ಹಿಡಿದಿದ್ದೇನೆ" ಎಂದು ಹೇಳಿ, ತೊಳೆಯಲು ಪಾತ್ರೆಗಳಿಗೆ ಕೈ ಹಾಕಿದ.

"ಪಾತ್ರೆ ಇರಲಿ ಬಿಡು, ರಾಚಪ್ಪ ಹನ್ನೊಂದು ದಿನದ ಗಂಜಿಯ ಮಾತಿಗೆ ಬಂದಿದ್ದಾನೆ, ಹೋಗಿ ಕೂತು ಕೇಳು" ಎಂದರು ಗುರುಗಳು.

ಶಾಂತಮಲ್ಲ ಪಾತ್ರೆ ಅಲ್ಲೇ ಬಿಟ್ಟು ಪಡಸಾಲೆಯ ಕಡೆ ನಡೆದ.