ಸೆನ್ಸರ್ ಮತ್ತು ಯಜಮಾನ

ಒಂದು ಗ್ರಂಥಾಲಯದಲ್ಲಿ ಲಿನಕ್ಸ್ ಎಂಬ ತಂತ್ರಾಂಶದಿಂದ ನಡೆಯುವ ಕಂಪ್ಯೂಟರಿನೊಳಗೆ ಪುಟ್ಟ ಸೆನ್ಸರೊಂದಿತ್ತು. ಒಳಗಿನ ಬಿಸಿ ಎಷ್ಟೆಂದು ಕ್ಷಣಕ್ಷಣಕ್ಕೂ ಹೇಳುವುದು ಅದರ ಕೆಲಸ. ಅಲ್ಲಿನ ಆಡಳಿತವೆಲ್ಲ ಆ ತಂತ್ರಾಂಶದ ತಿರುಳಾದ ಕರ್ನಲ್ ಎಂಬ ಯಜಮಾನನದು. ಅವನಿಗೆ ಸೆನ್ಸರಿನ ಭಾಷೆ ಬಾರದು. "ಇಲ್ಲಿ ಸೆನ್ಸರ್ ಎಂಬುದೇ ಇಲ್ಲ," ಎಂದು ಸಾರಿ, ಯಾವುದಕ್ಕೂ ಇರಲೆಂದು ಫ್ಯಾನನ್ನು ದಿನವಿಡೀ ಜೋರಾಗಿ ಓಡಿಸುತ್ತಿದ್ದ.

"ಗಟ್ಟಿಯಾಗಿ ಕೂಗಬಾರದೇನಯ್ಯಾ? ನಾನು ಸವೆದೇ ಹೋಗುತ್ತೇನೆ," ಎಂದು ಫ್ಯಾನ್ ಗದರಿತು.

"ಕೂಗುತ್ತಲೇ ಇದ್ದೇನಣ್ಣಾ. ಯಜಮಾನರಿಗೆ ಅರ್ಥವಾಗಬೇಕಲ್ಲ!" ಎಂದು ಸೆನ್ಸರ್ ನೊಂದುಕೊಂಡಿತು. ಆದರೂ ಬಿಸಿ ಹೇಳುವುದನ್ನು ನಿಲ್ಲಿಸಲಿಲ್ಲ.

ಫ್ಯಾನಿನ ಸದ್ದು ತಾಳಲಾರದೆ ಗ್ರಂಥಪಾಲಕಿ ಸುಗುಣಾಬಾಯಿ ಸೆನ್ಸರ್ ಹುಡುಕುವ ಪ್ರೋಗ್ರಾಮೊಂದನ್ನು ಒಳಗೆ ಕಳಿಸಿದರು. ಅದು ಒಂದೊಂದೇ ಕದ ತಟ್ಟುತ್ತ ಬಂದು, "ತಾವು ಯಾರು? ತಮ್ಮ ಭಾಷೆ ಯಾವುದು?" ಎಂದು ವಿಚಾರಿಸಿತು. ಹಾಗೆ ಯಾರಾದರೂ ಕೇಳಿದ್ದು ಅದೇ ಮೊದಲು. ಸೆನ್ಸರಿಗೆ ಮನಸ್ಸು ತುಂಬಿಬಂತು. ಅದು ತನ್ನ ಭಾಷೆ ಹೇಳಿದ ಕೂಡಲೇ, ಪ್ರೋಗ್ರಾಮ್ ಕರೆಸಿದ ಡ್ರೈವರ್ ಎಂಬ ದುಭಾಷಿ ಬಂದು ನಿಂತ.

"ನಲವತ್ತೆರಡು ಡಿಗ್ರಿ," ಎಂದ ದುಭಾಷಿ.

"ಅಷ್ಟೇನಾ?" ಎಂದು ಯಜಮಾನ ಬೆರಗಾಗಿ, ಫ್ಯಾನಿಗೆ ನಿಧಾನಿಸಲು ಅಪ್ಪಣೆ ಕೊಟ್ಟ. ಬಳಿಕ ಸೆನ್ಸರಿನತ್ತ ತಿರುಗಿ, "ನನಗೆ ತಿಳಿಯದ್ದನ್ನು ಇಲ್ಲವೆಂದುಬಿಟ್ಟೆ. ತಪ್ಪಾಯಿತು," ಎಂದ.

"ಇರಲಿ ಸ್ವಾಮಿ," ಎಂದಿತು ಸೆನ್ಸರ್ ದುಭಾಷಿಯ ಮೂಲಕ, ಹಿಗ್ಗಿನಿಂದ. "ಈಗ ನಲವತ್ತಮೂರು."